ಜನರ ನಿರ್ಧಾರಗಳು, ಅಂಕಿ-ಅಂಶಗಳು ಮತ್ತು ಸಾರ್ವಜನಿಕ ನೀತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಂಶೋಧನೆ ಏನನ್ನು ಅಳೆಯುತ್ತದೆ?

ಒಬ್ಬರು ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತಾರೆ, ಪಕ್ಕದ ಮನೆಯವರು ಕಾರು ತೆಗೆಯುತ್ತಾರೆ. ಒಬ್ಬ ತಾಯಿ ಮಗುವಿಗೆ ಸಮಯಕ್ಕೆ ಸರಿಯಾಗಿ ಲಸಿಕೆ ಹಾಕಿಸುತ್ತಾಳೆ, ಇನ್ನೊಬ್ಬಳು ಮುಂದಿನ ತಿಂಗಳು ನೋಡೋಣ ಎನ್ನುತ್ತಾಳೆ. ನಿವೃತ್ತಿಗೆ ಹಣ ಕೂಡಿಡುವುದು, ತೆರಿಗೆ ಕಟ್ಟುವುದು, ಮಗಳನ್ನು ಶಾಲೆ ಬಿಡಿಸುವುದು, ಮತಗಟ್ಟೆಗೆ ಹೋಗದೆ ಉಳಿಯುವುದು, ಎಲ್ಲವೂ ನಿರ್ಧಾರಗಳೇ. ಇಂಥ ಸಾವಿರಾರು ನಿರ್ಧಾರಗಳನ್ನು ಒಟ್ಟುಗೂಡಿಸಿ, ಬೆಲೆ, ದೂರ, ಕಾಯುವ ಸಮಯ, ಮಾಹಿತಿ, ಕಾಗದಪತ್ರಗಳ ತೊಡಕು ಇವುಗಳಲ್ಲಿ ಒಂದು ಬದಲಾದಾಗ ಜನರ ನಡೆ ಎಷ್ಟು ಬದಲಾಗುತ್ತದೆ ಎಂದು ಲೆಕ್ಕ ಹಾಕುವುದು ಈ ಸಂಶೋಧನೆಯ ಕೆಲಸ.

ಇಲ್ಲಿ 'ಎಷ್ಟು' ಎಂಬ ಪ್ರಶ್ನೆಗೇ ಎಲ್ಲ ತೂಕ. ಟಿಕೆಟ್ ದರ ಏರಿಸಿದರೆ ಪ್ರಯಾಣಿಕರು ಕಡಿಮೆಯಾಗುತ್ತಾರೆ ಎಂದು ಹೇಳಲು ಸಂಶೋಧನೆ ಬೇಕಾಗಿಲ್ಲ. ನೂರರಲ್ಲಿ ಇಬ್ಬರು ಬಿಡುತ್ತಾರೋ ಇಪ್ಪತ್ತು ಮಂದಿ ಬಿಡುತ್ತಾರೋ, ಬಿಡುವವರು ಕಾರು ಇರುವವರೋ ಬೇರೆ ದಾರಿಯೇ ಇಲ್ಲದೆ ನಡೆದು ಹೋಗುವವರೋ ಎಂಬುದರ ಮೇಲೆ ಆ ದರ ಏರಿಕೆ ಸರಿಯೋ ತಪ್ಪೋ ನಿಂತಿರುತ್ತದೆ.

ಜನರನ್ನೇ ನೇರವಾಗಿ ಕೇಳಿಬಿಟ್ಟರೆ ಸಾಲದೇ?

ಕೇಳಲೇಬೇಕು. ಆದರೆ 'ಹೊಸ ರೈಲು ಬಂದರೆ ಹತ್ತುತ್ತೀರಾ' ಎಂದು ಕೇಳಿದಾಗ ಹೌದು ಎನ್ನುವುದು ಸುಲಭ. ಹೌದು ಎನ್ನಲು ಅರ್ಧ ಗಂಟೆ ಮುಂಚೆ ಏಳಬೇಕಿಲ್ಲ, ನಿಲ್ದಾಣದವರೆಗೆ ನಡೆಯಬೇಕಿಲ್ಲ. ಹಾಗಾಗಿ ಬಾಯಲ್ಲಿ ಹೇಳಿದ ಆಯ್ಕೆಯನ್ನೂ ಕೈಯಾರೆ ಮಾಡಿದ ಆಯ್ಕೆಯನ್ನೂ ಸಂಶೋಧಕರು ಬೇರೆ ಬೇರೆಯಾಗಿ ಇಡುತ್ತಾರೆ.

ಇದಕ್ಕೆ 1970ರ ದಶಕದ ಒಂದು ಒಳ್ಳೆಯ ನಿದರ್ಶನವಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ಬಾರ್ಟ್ ಎಂಬ ರೈಲು ವ್ಯವಸ್ಥೆ ಆರಂಭವಾಗುವ ಹೊತ್ತಿಗೆ ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡನ್ ಮತ್ತು ಸಂಗಡಿಗರು ಅಲ್ಲಿನವರ ದಿನನಿತ್ಯದ ಓಡಾಟದ ವಿವರ ಕಲೆಹಾಕಿದರು. ಯಾರು ಯಾವ ವಾಹನದಲ್ಲಿ ಹೋಗುತ್ತಾರೆ, ಅದಕ್ಕೆ ಎಷ್ಟು ಸಮಯ, ಎಷ್ಟು ಖರ್ಚು, ಎಷ್ಟು ನಡಿಗೆ ಎಂಬುದನ್ನು ಗಣಿತದ ಮಾದರಿಯೊಂದಕ್ಕೆ ಕೊಟ್ಟು, ಇನ್ನೂ ಬಾರದ ರೈಲನ್ನು ಎಷ್ಟು ಮಂದಿ ಆರಿಸಿಕೊಳ್ಳಬಹುದು ಎಂದು ಅಂದಾಜು ಮಾಡಿದರು. ಅಧಿಕೃತ ಅಂದಾಜು ಶೇ. 15 ಇತ್ತು. ಇವರದು ಶೇ. 6.3. ರೈಲು ಓಡಿದ ಮೇಲೆ ಕಂಡದ್ದು ಶೇ. 6.2. ಮ್ಯಾಕ್‌ಫ್ಯಾಡನ್ ಅವರಿಗೆ 2000ರಲ್ಲಿ ನೊಬೆಲ್ ಬಂತು. ನನಗೆ ಇದರಲ್ಲಿ ಇನ್ನೂ ಹೆಚ್ಚು ಮೆಚ್ಚುಗೆಯಾಗುವುದು ಅವರ ಪ್ರಾಮಾಣಿಕತೆ: ನಿಲ್ದಾಣಕ್ಕೆ ನಡೆದು ಬರುವವರನ್ನು ತಾವು ಹೆಚ್ಚಾಗಿ, ಕಾರಿನಲ್ಲಿ ಬಂದು ರೈಲು ಹತ್ತುವವರನ್ನು ಕಡಿಮೆಯಾಗಿ ಅಂದಾಜಿಸಿದ್ದೆವು ಎಂದು ಅವರೇ ಬರೆದರು. ಒಟ್ಟು ಮೊತ್ತ ಸರಿಬಂದ ಮಾತ್ರಕ್ಕೆ ಒಳಗಿನ ಲೆಕ್ಕವೆಲ್ಲ ಸರಿ ಎಂದಲ್ಲ.

ಯೋಜನೆಗೆ ಅರ್ಜಿ ಹಾಕದವರಿಗೆ ಆ ಯೋಜನೆ ಬೇಡ ಎಂದು ಅರ್ಥವಲ್ಲವೇ?

ಅಲ್ಲ. ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಅನ್ಯಾಯಕ್ಕೆ ಕಾರಣವಾಗುವ ತಪ್ಪು ತಿಳಿವಳಿಕೆ ಇದೇ ಎಂದು ನಾನು ನಂಬಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಸಾವಿರ ಅರ್ಹ ಕುಟುಂಬಗಳಲ್ಲಿ ನಾನೂರು ಮಾತ್ರ ಅರ್ಜಿ ಹಾಕಿವೆ ಎಂದುಕೊಳ್ಳಿ. ಉಳಿದ ಆರುನೂರರ ಬಗ್ಗೆ ಕಚೇರಿಯ ದಾಖಲೆ ಏನನ್ನೂ ಹೇಳುವುದಿಲ್ಲ. ಕೆಲವರಿಗೆ ಯೋಜನೆಯ ಹೆಸರೇ ಕಿವಿಗೆ ಬಿದ್ದಿರುವುದಿಲ್ಲ. ಕೆಲವರಿಗೆ ಗೊತ್ತು, ಆದರೆ ತಮಗೆ ಸಿಗುವುದಿಲ್ಲ ಎಂದುಕೊಂಡಿದ್ದಾರೆ. ಕೆಲವರು ಕಚೇರಿಗೆ ಎರಡು ಸಲ ಅಲೆದು, ಒಂದು ದಾಖಲೆ ಕಡಿಮೆಯಾಯಿತೆಂದು ವಾಪಸು ಬಂದು ಕೈಬಿಟ್ಟಿದ್ದಾರೆ. ಕೆಲವರಿಗೆ ನಿಜವಾಗಿಯೂ ಬೇಡ. ನಾಲ್ಕು ಬಗೆಯವರೂ ಪಟ್ಟಿಯಲ್ಲಿ 'ಅರ್ಜಿ ಇಲ್ಲ' ಎಂಬ ಒಂದೇ ಸಾಲಿನಲ್ಲಿ ಸೇರಿಹೋಗುತ್ತಾರೆ. ಅವರನ್ನು ಬೇರ್ಪಡಿಸದೆ 'ಬೇಡಿಕೆ ಇಲ್ಲ' ಎಂದು ಅನುದಾನ ಕಡಿತ ಮಾಡಿದರೆ, ಹೆಚ್ಚು ಅಲೆದವರಿಗೇ ಹೆಚ್ಚು ಶಿಕ್ಷೆ.

ಬೇರ್ಪಡಿಸಲು ಸಾಧ್ಯವಿದೆ. ಕಾಲೇಜು ಶಿಕ್ಷಣಕ್ಕೆ ಆರ್ಥಿಕ ನೆರವು ಪಡೆಯಲು ಅಮೆರಿಕದಲ್ಲಿ ಆಗ ತುಂಬಬೇಕಾಗಿದ್ದ ಅರ್ಜಿ ಬಹಳ ಉದ್ದದ್ದೂ ಗೊಂದಲದ್ದೂ ಆಗಿತ್ತು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೆರಿಗೆ ವಿವರ ಸಲ್ಲಿಸಲು ಬಂದ ಕಡಿಮೆ ಆದಾಯದ ಕುಟುಂಬಗಳನ್ನು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ, ತೆರಿಗೆ ಪತ್ರದಲ್ಲಿ ಆಗಲೇ ಇದ್ದ ವಿವರಗಳನ್ನು ಬಳಸಿ ಅಲ್ಲಿಯೇ ನೆರವಿನ ಅರ್ಜಿ ತುಂಬಿಕೊಡಲಾಯಿತು. ಇನ್ನೊಂದು ಗುಂಪಿಗೆ, ನಿಮಗೆ ಎಷ್ಟು ನೆರವು ಸಿಗಬಹುದು ಎಂಬ ಮಾಹಿತಿಯನ್ನು ಮಾತ್ರ ಕೊಟ್ಟು ಕಳಿಸಲಾಯಿತು. ಮಾಹಿತಿಯಿಂದ ಹೆಚ್ಚೇನೂ ಬದಲಾಗಲಿಲ್ಲ. ಅರ್ಜಿ ತುಂಬಿಕೊಟ್ಟ ಕುಟುಂಬಗಳಲ್ಲಿ, ಶಾಲೆ ಮುಗಿಸುವ ಹಂತದಲ್ಲಿದ್ದ ಮಕ್ಕಳ ಪೈಕಿ ಎರಡು ವರ್ಷ ಕಾಲೇಜು ಪೂರೈಸಿದವರ ಪ್ರಮಾಣ ಶೇ. 28ರಿಂದ ಶೇ. 36ಕ್ಕೆ ಏರಿತು.

ಅಂದರೆ ಆ ಮನೆಗಳಲ್ಲಿ ಓದುವ ಆಸೆ ಮೊದಲಿನಿಂದಲೂ ಇತ್ತು. ಅಡ್ಡ ನಿಂತದ್ದು ಅರ್ಜಿ. ಇಷ್ಟು ಗೊತ್ತಾದ ಮೇಲೆ ಸರ್ಕಾರ ಮಾಡಬೇಕಾದ ಕೆಲಸವೇ ಬದಲಾಗುತ್ತದೆ: ಜಾಹೀರಾತಿಗೆ ಖರ್ಚು ಮಾಡುವ ಬದಲು ಅರ್ಜಿಯ ಪುಟಗಳನ್ನು ಕಡಿಮೆ ಮಾಡಬೇಕು.

'ಉಚಿತವಾಗಿ ಕೊಟ್ಟರೆ ಜನ ಬೆಲೆ ಕೊಡುವುದಿಲ್ಲ' ಎಂಬ ಮಾತಿಗೆ ಆಧಾರವಿದೆಯೇ?

ಎಲ್ಲ ವಸ್ತುಗಳಿಗೂ ಒಂದೇ ಉತ್ತರವಿಲ್ಲ. ಆದರೆ ಈ ಮಾತನ್ನು ಕೀನ್ಯಾದಲ್ಲಿ ಸೊಳ್ಳೆಪರದೆಗಳ ವಿಷಯದಲ್ಲಿ ಅಕ್ಷರಶಃ ಪರೀಕ್ಷಿಸಲಾಗಿದೆ. ಜೆಸ್ಸಿಕಾ ಕೊಹೆನ್ ಮತ್ತು ಪಾಸ್ಕಲಿನ್ ಡೂಪಾ ಎಂಬ ಅರ್ಥಶಾಸ್ತ್ರಜ್ಞೆಯರು, ಗರ್ಭಿಣಿಯರು ತಪಾಸಣೆಗೆ ಬರುವ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯಾ ತಡೆಯುವ ಪರದೆಗಳನ್ನು ಬೇರೆ ಬೇರೆ ದರಕ್ಕೆ ಇಟ್ಟರು. ಯಾವ ಕೇಂದ್ರಕ್ಕೆ ಯಾವ ದರ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗಿತ್ತು. ಪೂರ್ತಿ ಉಚಿತದ ಬದಲು ಶೇ. 90ರಷ್ಟು ಸಬ್ಸಿಡಿ ಕೊಟ್ಟು, ಅಲ್ಪ ಹಣ ಕೇಳಿದ್ದಕ್ಕೇ ಪರದೆ ಒಯ್ಯುವವರ ಪ್ರಮಾಣ 60 ಶೇಕಡಾ ಅಂಶಗಳಷ್ಟು, ಅಂದರೆ ನೂರಕ್ಕೆ ಅರವತ್ತು ಮಂದಿಯಷ್ಟು, ಕುಸಿಯಿತು. ಇನ್ನು ಉಚಿತವಾಗಿ ಪಡೆದವರು ಪರದೆಯನ್ನು ಮೂಲೆಗೆ ಎಸೆದರೇ? ಇಲ್ಲ. ಹಣ ಕೊಟ್ಟವರಷ್ಟೇ ಅವರೂ ಅದನ್ನು ಕಟ್ಟಿಕೊಂಡು ಮಲಗುತ್ತಿದ್ದರು.

ಡೂಪಾ ಮುಂದೆ ಇನ್ನೊಂದು ಅನುಮಾನವನ್ನೂ ಪರೀಕ್ಷಿಸಿದರು. ಒಮ್ಮೆ ಉಚಿತವಾಗಿ ಪಡೆದವರು ಆಮೇಲೆ ಹಣ ಕೊಟ್ಟು ಕೊಳ್ಳಲು ಹಿಂಜರಿಯುತ್ತಾರೆಯೇ? ತದ್ವಿರುದ್ಧವಾಗಿತ್ತು. ಬಳಸಿ ನೋಡಿದವರು ಮುಂದಿನ ಪರದೆಗೆ ಹಣ ಕೊಡಲು ಹೆಚ್ಚು ಸಿದ್ಧರಿದ್ದರು. ತಲೆತಲಾಂತರದಿಂದ ವಾದ ಮಾಡುತ್ತ ಬಂದ ಪ್ರಶ್ನೆಯೊಂದಕ್ಕೆ ಇಷ್ಟು ಸ್ಪಷ್ಟ ಉತ್ತರ ಸಿಗುವುದು ಅಪರೂಪ.

ದಂಡ ಹಾಕಿದರೆ ಜನ ಸರಿದಾರಿಗೆ ಬರುವುದಿಲ್ಲವೇ?

ಹಲವು ಸಲ ಬರುತ್ತಾರೆ. ಬಾರದೆಯೂ ಇರಬಹುದು. ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ನಡೆದ, 2000ದಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಯರನ್ನು ಮೊದಲು ನಾಲ್ಕು ವಾರ ಸುಮ್ಮನೆ ಎಣಿಸಲಾಯಿತು. ಬಳಿಕ ಆರು ಕೇಂದ್ರಗಳಲ್ಲಿ ತಡಕ್ಕೆ ಸಣ್ಣ ದಂಡ ಬಂತು. ತಡವಾಗಿ ಬರುವವರು ಹೆಚ್ಚಾದರು, ಸುಮಾರು ದುಪ್ಪಟ್ಟಾದರು. ಮೊದಲು ಶಿಕ್ಷಕಿಗೆ ತೊಂದರೆಯಾಗುತ್ತದೆ ಎಂಬ ಸಂಕೋಚವಿತ್ತು. ದಂಡ ಬಂದ ಮೇಲೆ ತಡವಾಗಿ ಬರುವುದು ಹಣ ತೆತ್ತು ಕೊಳ್ಳಬಹುದಾದ ಸೇವೆಯಾಯಿತು ಎಂಬುದು ಸಂಶೋಧಕರ ವಿವರಣೆ. ದಂಡವನ್ನು ತೆಗೆದುಹಾಕಿದ ಮೇಲೂ ಸಂಖ್ಯೆ ಇಳಿಯಲಿಲ್ಲ. ದಂಡದ ಮೊತ್ತ ಭಾರಿಯಾಗಿದ್ದರೆ ಫಲಿತಾಂಶ ಬೇರೆಯಾಗಬಹುದಿತ್ತು. ಇದೊಂದರಿಂದ ದಂಡವೇ ನಿರುಪಯುಕ್ತ ಎನ್ನುವುದೂ ಅತಿಯಾಯಿತು.

ಜನ ಏನನ್ನೂ ಆರಿಸದೇ ಇದ್ದರೆ ಅದೂ ನಿರ್ಧಾರವೇ?

ಲೆಕ್ಕದಲ್ಲಿ ಅದೂ ಬರುತ್ತದೆ, ಬಹಳ ದೊಡ್ಡ ಪ್ರಮಾಣದಲ್ಲಿ ಬರುತ್ತದೆ. ಅಮೆರಿಕದ ಕಂಪನಿಯೊಂದರ ನಿವೃತ್ತಿ ಉಳಿತಾಯ ಯೋಜನೆಯನ್ನು ಬ್ರಿಜಿತ್ ಮ್ಯಾಡ್ರಿಯನ್ ಮತ್ತು ಡೆನಿಸ್ ಶೇ ಅಧ್ಯಯನ ಮಾಡಿದರು. 2001ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸೇರಬೇಕೆಂದರೆ ಅರ್ಜಿ ಕೊಡಿ ಎಂಬ ನಿಯಮವಿದ್ದಾಗ ಹೊಸ ನೌಕರರಲ್ಲಿ ಶೇ. 49 ಮಂದಿ ಸೇರಿದ್ದರು. ತಾನಾಗಿಯೇ ಸೇರಿಸಿ, ಬೇಡವಾದವರು ಹೊರಗೆ ಹೋಗಬಹುದು ಎಂದು ಬದಲಿಸಿದ ಮೇಲೆ ಶೇ. 86 ಮಂದಿ ಯೋಜನೆಯಲ್ಲಿದ್ದರು.

ಎಲ್ಲರೂ ಉಲ್ಲೇಖಿಸುವುದು ಇಷ್ಟನ್ನೇ. ಅದೇ ಅಧ್ಯಯನದ ಇನ್ನೊಂದು ಅರ್ಧವೂ ಮುಖ್ಯ. ತಾನಾಗಿ ಸೇರಿದವರಲ್ಲಿ ಬಹಳಷ್ಟು ಮಂದಿ ಕಂಪನಿ ಮೊದಲೇ ನಿಗದಿಪಡಿಸಿದ್ದ ಶೇ. 3ರ ಉಳಿತಾಯ ದರದಲ್ಲಿಯೇ ಉಳಿದುಬಿಟ್ಟರು. ತಾವಾಗಿ ಯೋಚಿಸಿ ಸೇರಿದ್ದರೆ ಅವರಲ್ಲಿ ಕೆಲವರಾದರೂ ಹೆಚ್ಚು ಕೂಡಿಡುತ್ತಿದ್ದರು. ಯಾವ ಆಯ್ಕೆಯನ್ನು ಡಿಫಾಲ್ಟ್ ಆಗಿ, ಅಂದರೆ ಯಾರೂ ಏನನ್ನೂ ಹೇಳದಿದ್ದಾಗ ತಾನಾಗಿ ಅನ್ವಯವಾಗುವಂತೆ, ಇಡುತ್ತೇವೆ ಎಂಬುದು ಹೀಗೆ ಎರಡೂ ಕಡೆ ಕೆಲಸ ಮಾಡುತ್ತದೆ.

ಅಂಗಾಂಗ ದಾನದ ಉದಾಹರಣೆಯಲ್ಲಿ ಇನ್ನೂ ಎಚ್ಚರ ಬೇಕು. 2003ರ ಒಂದು ಲೇಖನದ ಪ್ರಕಾರ ಜರ್ಮನಿಯಲ್ಲಿ ಒಪ್ಪಿಗೆ ಶೇ. 12 ಇದ್ದರೆ, ವಿರೋಧ ಸೂಚಿಸದವರೆಲ್ಲ ಒಪ್ಪಿದಂತೆ ಎಂಬ ಕಾನೂನಿದ್ದ ಆಸ್ಟ್ರಿಯಾದಲ್ಲಿ ಶೇ. 99.98. ಆದರೆ ಕಾಗದದ ಮೇಲಿನ ಒಪ್ಪಿಗೆ ಬೇರೆ, ಆಸ್ಪತ್ರೆಯಲ್ಲಿ ನಡೆಯುವ ದಾನ ಬೇರೆ. ಸ್ಪೇನ್‌ನಲ್ಲಿ ಇಂಥ ಕಾನೂನು 1979ರಲ್ಲಿಯೇ ಬಂದಿತ್ತು. ಅಲ್ಲಿ ದಾನ ಗಣನೀಯವಾಗಿ ಏರಿದ್ದು 1989ರಲ್ಲಿ ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆ ಸ್ಥಾಪನೆಯಾಗಿ, ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಸಂಯೋಜಕರು ದುಃಖದಲ್ಲಿರುವ ಕುಟುಂಬದವರೊಡನೆ ಕುಳಿತು ಮಾತನಾಡತೊಡಗಿದ ಮೇಲೆ. ಮೌನವನ್ನು ಸಮ್ಮತಿ ಎಂದು ಎಣಿಸುವುದರಿಂದ ಪಟ್ಟಿ ದೊಡ್ಡದಾಗುತ್ತದೆ, ಕಸಿಗೆ ಕಾಯುವ ರೋಗಿಗೆ ಅಷ್ಟರಿಂದಲೇ ಮೂತ್ರಪಿಂಡ ಸಿಗುವುದಿಲ್ಲ.

ಬದಲಾವಣೆ ನೀತಿಯಿಂದಲೇ ಆಯಿತೆಂದು ಹೇಗೆ ಗೊತ್ತಾಗುತ್ತದೆ?

ನೀತಿ ಬರದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅಂದಾಜು ಮಾಡುವುದರಿಂದ. ಅದನ್ನು ಕಣ್ಣಾರೆ ನೋಡಲು ಆಗದು, ಹಾಗಾಗಿ ಹೋಲಿಕೆಗೆ ತಕ್ಕ ಗುಂಪೊಂದು ಬೇಕು. ಗಟ್ಟಿಯಾದ ದಾರಿ ಯಾದೃಚ್ಛಿಕ ಪ್ರಯೋಗ: ಚೀಟಿ ಎತ್ತಿದಂತೆ ಕೆಲವು ಊರುಗಳಿಗೆ ಯೋಜನೆ, ಉಳಿದವಕ್ಕೆ ಇಲ್ಲ. ಎರಡೂ ಗುಂಪುಗಳು ಮಿಕ್ಕೆಲ್ಲ ವಿಷಯಗಳಲ್ಲಿ ಸರಾಸರಿಯಾಗಿ ಒಂದೇ ತರಹ ಇರುವುದರಿಂದ ಆಮೇಲೆ ಕಾಣುವ ವ್ಯತ್ಯಾಸವನ್ನು ಯೋಜನೆಯ ಲೆಕ್ಕಕ್ಕೆ ಹಾಕಬಹುದು.

ಪ್ರಯೋಗ ಮಾಡಲಾಗದ ಕಡೆ ಸಂದರ್ಭವೇ ಹೋಲಿಕೆಯನ್ನು ಒದಗಿಸುವುದುಂಟು. ವಿದ್ಯಾರ್ಥಿವೇತನಕ್ಕೆ 60 ಅಂಕ ಬೇಕೆಂದಿದ್ದರೆ, 59 ಪಡೆದವರಿಗೂ 60 ಪಡೆದವರಿಗೂ ಪ್ರತಿಭೆಯಲ್ಲಿ ಹೆಚ್ಚು ಅಂತರವಿರುವುದಿಲ್ಲ, ಸೌಲಭ್ಯದಲ್ಲಿ ಇರುತ್ತದೆ. ಅವರ ಮುಂದಿನ ದಾರಿಯನ್ನು ಹೋಲಿಸಬಹುದು. ಇನ್ನೊಂದು ವಿಧಾನ ಪಕ್ಕದ ಪ್ರದೇಶದೊಡನೆ ಹೋಲಿಸುವುದು. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ ತ್ವರಿತ ಆಹಾರದ ಅಂಗಡಿಗಳನ್ನು ಏರಿಕೆಗೆ ಮುಂಚೆ ಒಮ್ಮೆ, ಅನಂತರ ಒಮ್ಮೆ ಸಮೀಕ್ಷೆ ಮಾಡಿದರು. ಮಾಲೀಕರು ಕೆಲಸದವರನ್ನು ಕಡಿಮೆ ಮಾಡುತ್ತಾರೆ ಎಂಬ ನಿರೀಕ್ಷೆ ಅಲ್ಲಿ ನಿಜವಾಗಲಿಲ್ಲ. ಈ ಬಗ್ಗೆ ವಾದ ಇನ್ನೂ ಮುಗಿದಿಲ್ಲ, ಆದರೆ ವಾದ ಮಾಡುವ ರೀತಿ ಅಂದಿನಿಂದ ಬದಲಾಯಿತು. 2021ರ ನೊಬೆಲ್ ಪಡೆದವರಲ್ಲಿ ಕಾರ್ಡ್ ಒಬ್ಬರು.

ಕೆಲವರಿಗೆ ಸೌಲಭ್ಯ ಕೊಟ್ಟು ಕೆಲವರಿಗೆ ಕೊಡದಿರುವುದು ನ್ಯಾಯವೇ?

ಈ ಪ್ರಶ್ನೆ ಕೇಳುವವರು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ. ಖಚಿತವಾಗಿ ಪ್ರಾಣ ಉಳಿಸುವುದೆಂದು ಆಗಲೇ ಗೊತ್ತಿರುವ ಚಿಕಿತ್ಸೆಯನ್ನು, ಕೊಡಲು ಹಣವಿದ್ದೂ, ಪ್ರಯೋಗಕ್ಕಾಗಿ ತಡೆಹಿಡಿಯುವುದು ತಪ್ಪು. ಆದರೆ ಬಹುಪಾಲು ಸಂದರ್ಭಗಳಲ್ಲಿ ಎಲ್ಲರಿಗೂ ಒಟ್ಟಿಗೆ ಕೊಡುವಷ್ಟು ಹಣವೂ ಸಿಬ್ಬಂದಿಯೂ ಇರುವುದಿಲ್ಲ. ಯಾರಿಗೆ ಮೊದಲು ಎಂಬುದನ್ನು ಯಾರಾದರೂ ತೀರ್ಮಾನಿಸಲೇಬೇಕು. ಪ್ರಭಾವ ಇರುವವರಿಗೆ ಮೊದಲು ಸಿಗುವುದಕ್ಕಿಂತ ಚೀಟಿ ಎತ್ತುವುದು ಹೆಚ್ಚು ನ್ಯಾಯ ಎಂಬುದು ನನ್ನ ಅಭಿಪ್ರಾಯ.

ಮೆಕ್ಸಿಕೋ 1997ರಲ್ಲಿ ಆರಂಭಿಸಿದ ಪ್ರೊಗ್ರೆಸಾ ಯೋಜನೆ ಹೀಗೆಯೇ ನಡೆಯಿತು. ಮಕ್ಕಳನ್ನು ಶಾಲೆಗೆ ಕಳಿಸಿ, ಆರೋಗ್ಯ ತಪಾಸಣೆ ಮಾಡಿಸುವ ಬಡ ಕುಟುಂಬಗಳಿಗೆ ನಗದು ನೆರವು ಕೊಡುವ ಯೋಜನೆ ಅದು. ಅಧ್ಯಯನಕ್ಕೆ ಆಯ್ದ 506 ಹಳ್ಳಿಗಳಲ್ಲಿ 320ಕ್ಕೆ ಮೊದಲು, 186ಕ್ಕೆ ಅನಂತರ ನೆರವು ತಲುಪಿತು. ಕಾಯ್ದ ಹಳ್ಳಿಗಳು ಹೋಲಿಕೆಯ ಗುಂಪಾದವು. ಶಾಲೆಗೆ ಸೇರುವವರು ಹೆಚ್ಚಿದ್ದು, ಅದರಲ್ಲೂ ದೊಡ್ಡ ತರಗತಿಯ ಹೆಣ್ಣುಮಕ್ಕಳು ಹೆಚ್ಚಿದ್ದು ಸ್ಪಷ್ಟವಾಗಿ ಕಂಡಿತು. 2000ದಲ್ಲಿ ಸರ್ಕಾರ ಬದಲಾದರೂ ಯೋಜನೆ ಹೆಸರು ಬದಲಿಸಿಕೊಂಡು ಮುಂದುವರಿಯಿತು. ಹಿಂದಿನವರ ಯೋಜನೆಯನ್ನು ರದ್ದು ಮಾಡುವ ಚಾಳಿ ಎಲ್ಲೆಡೆ ಇರುವಾಗ, ಅದು ಉಳಿಯಲು ಕೈಯಲ್ಲಿದ್ದ ಪುರಾವೆಯೂ ಒಂದು ಕಾರಣ.

ಎಷ್ಟು ಜನರ ಮಾಹಿತಿ ಇದ್ದರೆ ಸಾಕು?

ಸರಿಯಾಗಿ, ಯಾದೃಚ್ಛಿಕವಾಗಿ ಆಯ್ದ ಸಾವಿರ ಜನರ ಸಮೀಕ್ಷೆಯಲ್ಲಿ ತಪ್ಪಿನ ಅಂತರ ಸುಮಾರು 3 ಶೇಕಡಾ ಅಂಶ, ಅಂದರೆ ನಿಜವಾದ ಪ್ರಮಾಣ ಸಾಮಾನ್ಯವಾಗಿ ಅಷ್ಟರೊಳಗೆ ಆಚೀಚೆ ಇರುತ್ತದೆ. ಅದನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಟ್ಟು ಜನ ಬೇಕು.

ಆಯ್ಕೆಯೇ ಕೆಟ್ಟಿದ್ದರೆ ಸಂಖ್ಯೆ ಕಾಪಾಡುವುದಿಲ್ಲ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಪತ್ರ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ರೂಸ್‌ವೆಲ್ಟ್ ಶೇ. 60ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಹೆಸರುಗಳನ್ನು ಬಹುಪಾಲು ಫೋನ್ ಮತ್ತು ಕಾರು ಉಳ್ಳವರ ಪಟ್ಟಿಗಳಿಂದ ತೆಗೆಯಲಾಗಿತ್ತು, ಮರಳಿ ಬರೆದವರೂ ಒಂದು ಕಡೆಗೆ ವಾಲಿದವರೇ ಹೆಚ್ಚು. ಇಂದು ಮೊಬೈಲ್ ಆ್ಯಪ್‌ಗಳಿಂದ ಕೋಟಿಗಟ್ಟಲೆ ದಾಖಲೆ ಸಿಗುವಾಗಲೂ ಮೊದಲು ಕೇಳಬೇಕಾದದ್ದು ಅದೇ: ಇದರಲ್ಲಿ ಯಾರಿಲ್ಲ?

ಪ್ರಯೋಗದಲ್ಲಿ ಗೆದ್ದದ್ದು ದೇಶದಾದ್ಯಂತ ಗೆಲ್ಲುತ್ತದೆಯೇ?

ಸಾಮಾನ್ಯವಾಗಿ ಪರಿಣಾಮ ಕುಗ್ಗುತ್ತದೆ. ಜನರ ನಡೆಯನ್ನು ಮೆಲ್ಲಗೆ ತಿದ್ದುವ ಸಣ್ಣ ಉಪಾಯಗಳ ಬಗ್ಗೆ, ಅಂದರೆ ನೆನಪಿನ ಪತ್ರ, ಸರಳ ಭಾಷೆಯ ನೋಟಿಸ್ ಮುಂತಾದವುಗಳ ಬಗ್ಗೆ, ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಎಲಿಜಬೆತ್ ಲಿನೋಸ್ 2022ರಲ್ಲಿ ಬಹಳ ಉಪಯುಕ್ತ ಹೋಲಿಕೆ ಮಾಡಿದರು. ವಿದ್ವತ್ ಪತ್ರಿಕೆಗಳಲ್ಲಿ ಅಚ್ಚಾದ ಪ್ರಯೋಗಗಳಲ್ಲಿ ಸರಾಸರಿ ಪರಿಣಾಮ 8.7 ಶೇಕಡಾ ಅಂಶ. ಸರ್ಕಾರಗಳೊಡನೆ ಕೆಲಸ ಮಾಡುವ ಎರಡು ತಂಡಗಳು ನಡೆಸಿದ, ಅಚ್ಚಾದವೂ ಆಗದವೂ ಸೇರಿದ 126 ಪ್ರಯೋಗಗಳಲ್ಲಿ 1.4 ಶೇಕಡಾ ಅಂಶ. ಈ ಅಂತರಕ್ಕೆ ದೊಡ್ಡ ಕಾರಣ, ಗೆದ್ದ ಪ್ರಯೋಗಗಳು ಅಚ್ಚಿಗೆ ಹೋಗುತ್ತವೆ, ಸೋತವು ಕಪಾಟಿನಲ್ಲಿ ಉಳಿಯುತ್ತವೆ. ಆದರೂ 1.4 ಎಂಬುದು ಶೂನ್ಯವಲ್ಲ. ಒಂದು ಪತ್ರದ ಖರ್ಚಿನಲ್ಲಿ ನೂರಕ್ಕೆ ಒಬ್ಬರು ಹೆಚ್ಚಾಗಿ ಲಸಿಕೆ ಹಾಕಿಸಿಕೊಂಡರೆ ನಾನು ಅದನ್ನು ಕಡೆಗಣಿಸಲಾರೆ.

ಕುಗ್ಗುವುದಕ್ಕಿಂತ ಕೆಟ್ಟದ್ದೂ ಆಗಿದೆ. ಅರ್ಜಿಯ ಕೊನೆಗೆ ಬದಲಾಗಿ ಆರಂಭದಲ್ಲಿಯೇ ಸಹಿ ಹಾಕಿಸಿದರೆ ಜನ ಹೆಚ್ಚು ಸತ್ಯ ಬರೆಯುತ್ತಾರೆ ಎಂದು 2012ರಲ್ಲಿ ಪ್ರಕಟವಾದ ಪ್ರಬಂಧ ಲೋಕಪ್ರಸಿದ್ಧವಾಯಿತು. 2020ರಲ್ಲಿ ಅದೇ ಲೇಖಕರು ಭಾಗವಹಿಸಿದ ಮರುಪರೀಕ್ಷೆಯಲ್ಲಿ ಫಲಿತಾಂಶ ನಿಲ್ಲಲಿಲ್ಲ. 2021ರಲ್ಲಿ, ಮೂಲ ದತ್ತಾಂಶದ ಒಂದು ಭಾಗ ಕೃತಕವೆಂಬುದಕ್ಕೆ ಬಲವಾದ ಪುರಾವೆ ಹೊರಬಂದು ಪ್ರಬಂಧವನ್ನೇ ಹಿಂಪಡೆಯಲಾಯಿತು. ಕಚ್ಚಾ ದತ್ತಾಂಶವನ್ನು ಯಾರು ಬೇಕಾದರೂ ತೆರೆದು ನೋಡುವಂತಿದ್ದುದರಿಂದಲೇ ಅದು ಸಿಕ್ಕಿಬಿತ್ತು.

ಸರಾಸರಿಯನ್ನು ನಂಬಬಹುದೇ?

ನಂಬಿ, ಅಲ್ಲಿಗೇ ನಿಲ್ಲಬೇಡಿ. 1970ರ ದಶಕದಲ್ಲಿ ಆರಂಭವಾಗಿ 1982ರವರೆಗೆ ಅಮೆರಿಕದ ಸಂಶೋಧನಾ ಸಂಸ್ಥೆಯೊಂದು ನಡೆಸಿದ ರ‍್ಯಾಂಡ್ ಆರೋಗ್ಯ ವಿಮಾ ಪ್ರಯೋಗದಲ್ಲಿ, ಚಿಕಿತ್ಸೆಯ ಖರ್ಚಿನ ಪಾಲನ್ನು ತಾವೇ ಭರಿಸಬೇಕಾದವರು ವೈದ್ಯರ ಬಳಿ ಹೋಗುವುದನ್ನು ಕಡಿಮೆ ಮಾಡಿದರು. ಸರಾಸರಿಯಲ್ಲಿ ಅವರ ಆರೋಗ್ಯ ಹೆಚ್ಚೇನೂ ಕೆಡಲಿಲ್ಲ. ಬಡವರೂ ಆಗಿದ್ದು ರಕ್ತದೊತ್ತಡವೂ ಇದ್ದವರಿಗೆ ಮಾತ್ರ ಉಚಿತ ಚಿಕಿತ್ಸೆ ಸ್ಪಷ್ಟವಾಗಿ ಒಳ್ಳೆಯದು ಮಾಡಿತ್ತು. ಅಷ್ಟೇ ಅಲ್ಲ, ಖರ್ಚಿನ ಭಯದಿಂದ ಜನ ಬಿಟ್ಟದ್ದು ಅನಗತ್ಯ ಚಿಕಿತ್ಸೆಯನ್ನು ಮಾತ್ರವಲ್ಲ, ಅಗತ್ಯವಾದದ್ದನ್ನೂ ಅಷ್ಟೇ ಬಿಟ್ಟಿದ್ದರು.

ಅಂಕಿ-ಅಂಶ ಸಿಕ್ಕ ಮೇಲೆ ನೀತಿ ತಾನಾಗಿ ತೀರ್ಮಾನವಾಗುತ್ತದೆಯೇ?

ಇಲ್ಲ, ಆಗಲೂ ಬಾರದು. ಶುಲ್ಕ ಹಾಕಿದರೆ ವಾಹನ ಎಷ್ಟು ಕಡಿಮೆಯಾಗುತ್ತದೆ ಎಂಬುದಕ್ಕೆ ಲೆಕ್ಕ ಉತ್ತರಿಸುತ್ತದೆ. ಆ ಹೊರೆಯನ್ನು ಯಾರು ಹೊರಬೇಕು ಎಂಬುದಕ್ಕೆ ಉತ್ತರಿಸಬೇಕಾದವರು ಜನ.

ಸ್ವೀಡನ್ನಿನ ಸ್ಟಾಕ್‌ಹೋಮ್ ಇವೆರಡನ್ನೂ ಸರಿಯಾದ ಕ್ರಮದಲ್ಲಿ ಮಾಡಿತು. ನಗರದ ಒಳಗೆ ಬರುವ, ಹೊರಗೆ ಹೋಗುವ ವಾಹನಗಳಿಗೆ ದಟ್ಟಣೆ ಶುಲ್ಕ ಹಾಕುವ ಪ್ರಸ್ತಾವಕ್ಕೆ ಮೊದಲು ಬಹುಮತದ ವಿರೋಧವಿತ್ತು. 2006ರ ಜನವರಿಯಿಂದ ಜುಲೈವರೆಗೆ ಪರೀಕ್ಷಾರ್ಥವಾಗಿ ಜಾರಿಗೆ ತಂದರು. ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಶೇ. 20ರಷ್ಟು ಇಳಿದವು. ಫಲಿತಾಂಶವನ್ನು ಎಲ್ಲರ ಮುಂದಿಟ್ಟು ಸೆಪ್ಟೆಂಬರ್‌ನಲ್ಲಿ ಜನಮತ ಗಣನೆ ನಡೆಸಿದಾಗ ನಗರದ ಮತದಾರರು ಪರವಾಗಿ ತೀರ್ಪು ಕೊಟ್ಟರು. 2007ರ ಆಗಸ್ಟ್‌ನಿಂದ ಶುಲ್ಕ ಕಾಯಂ ಆಯಿತು. ಅನುಭವಿಸುವ ಮುಂಚೆ ಕೇಳಿದ್ದರೆ ಇದೇ ಜನ ಬೇಡ ಎನ್ನುತ್ತಿದ್ದರು.

ಪತ್ರಿಕೆಯಲ್ಲಿ ಇಂಥ ಅಧ್ಯಯನದ ಸುದ್ದಿ ಓದಿದಾಗ ಏನನ್ನು ಗಮನಿಸಬೇಕು?

ಹೋಲಿಕೆಯ ಗುಂಪು ಯಾವುದು ಎಂದು ಮೊದಲು ಹುಡುಕಿ. ಅದಿಲ್ಲದಿದ್ದರೆ 'ಯೋಜನೆಯ ನಂತರ ಹೆಚ್ಚಾಯಿತು' ಎಂಬ ವಾಕ್ಯಕ್ಕೆ ಹೆಚ್ಚು ಅರ್ಥವಿಲ್ಲ. 'ಶೇ. 50 ಏರಿಕೆ' ಎಂದಿದ್ದರೆ ಎಷ್ಟರಿಂದ ಎಷ್ಟಕ್ಕೆ ಎಂದು ನೋಡಿ. ನೂರಕ್ಕೆ ಇಬ್ಬರಿದ್ದದ್ದು ಮೂವರಾದರೂ ಅದು ಶೇ. 50 ಏರಿಕೆಯೇ. ಅಧ್ಯಯನಕ್ಕೆ ಹಣ ಕೊಟ್ಟವರು ಯಾರು, ಏನನ್ನು ಅಳೆಯುತ್ತೇವೆಂದು ಮೊದಲೇ ನೋಂದಾಯಿಸಿದ್ದರೇ, ದತ್ತಾಂಶ ಬಹಿರಂಗವಾಗಿದೆಯೇ ಎಂಬುದು ಸಾಮಾನ್ಯವಾಗಿ ಮೂಲ ಪ್ರಬಂಧದಲ್ಲಿ ಸಿಗುತ್ತದೆ. ಸುದ್ದಿಯಲ್ಲಿ 'ಜನರಿಗೆ ಆಸಕ್ತಿಯಿಲ್ಲ' ಎಂದು ಬರೆದಿದ್ದರೆ, ಆಸಕ್ತಿಯನ್ನು ಅಳೆದರೋ ಅಥವಾ ಬಂದ ಅರ್ಜಿಗಳನ್ನು ಮಾತ್ರ ಎಣಿಸಿದರೋ ಎಂದು ಕೇಳಿ. ಎಣಿಸಿದ್ದು ಅರ್ಜಿಗಳನ್ನು ಮಾತ್ರವಾದರೆ, ಆ ಅರ್ಜಿ ಎಷ್ಟು ಪುಟದ್ದು, ಅದನ್ನು ಸಲ್ಲಿಸುವ ಕಚೇರಿ ಎಷ್ಟು ದೂರದಲ್ಲಿದೆ, ಯಾವ ಹೊತ್ತಿನಲ್ಲಿ ತೆರೆದಿರುತ್ತದೆ ಎಂಬುದನ್ನೂ ಸಂಪಾದಕರಿಗೆ ಬರೆದು ಕೇಳಬಹುದು.